ಮುದ್ರೆ ಒತ್ತಿದ ಚೀಟಿ

"ಸರ್, ದವಡೆ ಊದಿದವರಿಗೆ ಆಂಟಿಬಯಾಟಿಕ್ ಮೂರು ದಿನಕ್ಕೆ ಬರೆಯಬೇಕೋ, ಐದು ದಿನಕ್ಕೋ?"

ಕೇಳಿದವನು ಇಂದುಧರ, ಹಲ್ಲಿನ ಆಸ್ಪತ್ರೆಗೆ ಹೊಸದಾಗಿ ಸೇರಿದ ವೈದ್ಯ. ಅವನ ಕೈಯಲ್ಲಿ ಅರ್ಧ ಬರೆದ ಚೀಟಿಯಿತ್ತು. ಹೊರಗಿನ ಬೆಂಚಿನಲ್ಲಿ ಬಸ್ ಕಂಡಕ್ಟರ್ ಒಬ್ಬಳು ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕಾಯುತ್ತಿದ್ದಳು. "ಮಾತ್ರೆ ಬರ್ಕೊಡಿ ಸಾಕು ಡಾಕ್ಟ್ರೇ, ಬಸ್ಸು ಹೊರಡೋ ಹೊತ್ತಾಯ್ತು. ನಾನಿಲ್ದೆ ಹೋಗಕ್ಕಾಗಲ್ಲ, ಆದ್ರೂ ಆ ಡ್ರೈವರ್ ಹಾರ್ನ್ ಹೊಡೀತಾನೇ ಇರ್ತಾನೆ" ಎಂದಿದ್ದಳು.

ಹಿರಿಯ ವೈದ್ಯ ಮುರಿಗೆಪ್ಪನವರು ಕನ್ನಡಕ ತೆಗೆದಿಟ್ಟರು.

"ಇದಕ್ಕೊಂದು ಕತೆ ಹೇಳಬೇಕು. ನನಗೆ ಕತೆ ಹೇಳಲು ಬರುವುದಿಲ್ಲ, ನಡುವೆ ಪಾಠ ಶುರುವಾಗಿಬಿಡುತ್ತದೆ. ಕ್ಷಮಿಸು.

"ಒಬ್ಬ ಹಲ್ಲಿನ ವೈದ್ಯನಿದ್ದ. ಒಳ್ಳೆಯವನು. ಒಳ್ಳೆಯವನು ಎಂದು ಯಾಕೆ ಹೇಳುತ್ತಿದ್ದೇನೆಂದರೆ, ನೀನು ಅವನನ್ನು ದುರಾಸೆಯವನು ಎಂದುಕೊಳ್ಳಬಾರದು. ಅವನು ಒಂದು ರಬ್ಬರ್ ಮುದ್ರೆ ಮಾಡಿಸಿಕೊಂಡಿದ್ದ. ಅದರಲ್ಲಿ ಮೂರು ಔಷಧಗಳ ಹೆಸರು, ಐದು ದಿನ. ಜನ ಬಹಳ, ಸಮಯ ಕಡಿಮೆ, ಅದಕ್ಕೇ ಮುದ್ರೆ. ನೋವು ಎಂದವನಿಗೂ ಅದೇ, ಊತ ಎಂದವನಿಗೂ ಅದೇ.

"ಒಬ್ಬ ಬಡಗಿ ಬಂದ. ದವಡೆ ಊದಿತ್ತು. ವೈದ್ಯ ಚೀಟಿಗೆ ಮುದ್ರೆ ಒತ್ತಿ ಕೊಟ್ಟ. ಊತ ಇಳಿಯಿತು. ಇಳಿಯಿತು ಎಂದರೆ ಹೋಯಿತು ಎಂದಲ್ಲ. ಕೀವು ಹಲ್ಲಿನ ಬುಡದಲ್ಲೇ ಇತ್ತು. ತಿಂಗಳು ಬಿಟ್ಟು ಮತ್ತೆ ಬಂದ. ಮತ್ತೆ ಮುದ್ರೆ. ಮೂರನೆಯ ಸಲ ಬಂದಾಗ ಊತ ಕುತ್ತಿಗೆಗೆ ಇಳಿದಿತ್ತು. ವೈದ್ಯ ಹೆದರಿದ. 'ಬಾಯಿ ತೆರೆ, ನೋಡುತ್ತೇನೆ' ಎಂದ. ಬಡಗಿ ಕಚ್ಚಿದ ಹಲ್ಲುಗಳ ನಡುವಿನಿಂದಲೇ, 'ಹಿಂದಿನ ಎರಡು ಸಲ ತೆರೀತಿತ್ತು ಸ್ವಾಮಿ, ನೀವು ತೆರೆ ಅನ್ಲಿಲ್ಲ' ಎಂದ. ಈಗ ಅಲ್ಲಿ ಒಂದು ಬೆರಳೂ ತೂರುತ್ತಿರಲಿಲ್ಲ. ದೊಡ್ಡಾಸ್ಪತ್ರೆ ತಲುಪುವ ಮೊದಲೇ ಅವನ ಉಸಿರು ಕಟ್ಟಿತು."

ಇಂದುಧರ ಪೆನ್ನಿನ ಮುಚ್ಚಳ ಹಾಕಿದ. "ಹಾಗಾದರೆ ಔಷಧ ಕೊಟ್ಟಿದ್ದು ತಪ್ಪೇ, ಸರ್?"

"ತಪ್ಪು ಔಷಧದ್ದಲ್ಲ. ಬಾಯಿ ಯಾಕೆ ತೆರೆಯಲಿಲ್ಲ ಎಂದರೆ, ಕೀವು ಅಗಿಯುವ ಸ್ನಾಯುವಿನ ಹತ್ತಿರ ಬಂದಾಗ ಸ್ನಾಯು ಬಿಗಿಯುತ್ತದೆ. ಬಿಗಿದಾಗ ದವಡೆಯ ಕೀಲು..."

"ಸರ್, ಆಪರೇಷನ್ ಥಿಯೇಟರಿಗೆ ಬರಬೇಕಂತೆ, ಈಗಲೇ" ಎಂದು ಸಿಸ್ಟರ್ ಫಿಲೋಮಿನಾ ಕರೆದಳು.

ಮುರಿಗೆಪ್ಪನವರು ಮಾತು ಅಲ್ಲಿಗೇ ಬಿಟ್ಟು ಎದ್ದರು. ಬಾಗಿಲಲ್ಲಿ ಒಮ್ಮೆ ನಿಂತರು.

"ಹೊರಗೆ ಕೂತಿರುವಾಕೆಯ ಬಾಯಿ ಎಷ್ಟು ತೆರೆಯುತ್ತದೆ, ಇಂದುಧರ?"

ಇಂದುಧರನಿಗೆ ಗೊತ್ತಿರಲಿಲ್ಲ.