ಗಾಣದ ಹಲಗೆಯ ಮೇಲಿನ ಕಲ್ಲು

"ಗುರುಗಳೇ, ಮತ್ತಿ ಮರದ ತೊಗಟೆಯ ಕಷಾಯವನ್ನು ಇಮ್ಮಡಿ ಕೊಡಬಹುದೇ?"

ನಂಜುಂಡಯ್ಯ ಪಂಡಿತರು ಮೆಂತ್ಯ ಆರಿಸುತ್ತಿದ್ದರು. ಕೇಳಿದವನು ಅವರಲ್ಲಿ ವೈದ್ಯ ಕಲಿಯುತ್ತಿದ್ದ ಗುರುಬಸವ. ರೋಗಿ ಅವನ ತಂದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದೆ ಎಂದು ಪೇಟೆಯ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಅವರ ಮಾತ್ರೆಯೂ ನಡೆದಿತ್ತು, ಪಂಡಿತರ ಕಷಾಯವೂ ನಡೆದಿತ್ತು. ಮನೆಯಲ್ಲಿ ಬಾಣಲೆ ಕೆಳಗಿಳಿದು ಹುರುಳಿ ಸಾರು ಬಂದಿತ್ತು. ಆದರೂ ಮೊನ್ನೆಯ ಪರೀಕ್ಷೆಯಲ್ಲಿ ಅಂಕಿ ಜಗ್ಗಿರಲಿಲ್ಲ. ದೊಡ್ಡಪ್ಪ ಎದೆನೋವಿನಲ್ಲೇ ಹೋದವರು. ಗುರುಬಸವನಿಗೆ ಭಯವಾಗಿತ್ತು.

"ನನ್ನ ಕಡೆಯಿಂದ ಲೋಪವಿಲ್ಲ. ಈಗ ಬಾವಿಯಿಂದ ನೀರು ಸೇದುವುದೂ ನಾನೇ, ಕಾಸುವುದೂ ನಾನೇ. ಕಷಾಯ ಕೂತಲ್ಲಿಗೇ ಕೊಡುತ್ತೇನೆ. ಅಪ್ಪ ಒಂದು ಹುಲ್ಲುಕಡ್ಡಿ ಎತ್ತಿಡದ ಹಾಗೆ ನೋಡಿಕೊಂಡಿದ್ದೇನೆ" ಎಂದ.

ಪಂಡಿತರು ತಲೆಯೆತ್ತದೆ ಕತೆ ಶುರು ಮಾಡಿದರು.

ಒಬ್ಬ ಗಾಣಿಗನಿದ್ದ. ಎತ್ತು ಗಾಣ ಸುತ್ತುತ್ತಿತ್ತು, ಅದು ಎಳೆಯುವ ಹಲಗೆಯ ಮೇಲೆ ಅವನು ಕೂತಿರುತ್ತಿದ್ದ. ಅದು ಸೋಮಾರಿತನವಲ್ಲ. ಹಲಗೆಗೆ ಭಾರ ಬೀಳದಿದ್ದರೆ ಎಣ್ಣೆ ಇಳಿಯುವುದಿಲ್ಲ. ಐವತ್ತು ದಾಟುವಷ್ಟರಲ್ಲಿ ಭಾರಕ್ಕೇನೂ ಕೊರತೆ ಇರಲಿಲ್ಲ, ಪುಣ್ಯಾತ್ಮನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ವೈದ್ಯನ ಬಳಿಗೆ ಹೋದ. ವೈದ್ಯ ಕಷಾಯ ಕೊಟ್ಟ, ಬಾಯಿ ಕಟ್ಟಲು ಹೇಳಿದ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: 'ನಿನ್ನ ಜಾಗದಲ್ಲಿ ಒಂದು ಕಲ್ಲಿಡು. ನೀನು ಇಳಿದು ಎತ್ತಿನ ಹಿಂದೆ ನಡೆ.'

ಮೂರು ತಿಂಗಳಾದ ಮೇಲೆ ಗಾಣಿಗ ಹೇಳಿಕಳಿಸಿದ: 'ನಿಮ್ಮ ಮದ್ದು ನೀರಿಗಿಂತ ಕಡೆ.' ವೈದ್ಯನಿಗೆ ಸಿಟ್ಟು ಬಂತು. ಎದ್ದು ಗಾಣದ ಮನೆಗೇ ನಡೆದ.

ಹಲಗೆಯ ಮೇಲೆ ಕಲ್ಲಿತ್ತು. ಎತ್ತಿನ ಹಿಂದೆ ಗಾಣಿಗನ ಮಗ ನಡೆಯುತ್ತಿದ್ದ. ಗಾಣಿಗ ಮಂಚದ ಮೇಲೆ ಕೂತು, ಮಗ ತಂದಿಟ್ಟ ಕಷಾಯವನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಿದ್ದ.

'ನಾನು ಗಟ್ಟಿಯಾಗಿರುವಾಗ ಅಪ್ಪ ಎತ್ತಿನ ಹಿಂದೆ ಸುತ್ತುವುದೇ? ನೋಡಿದವರು ಏನಂದಾರು, ಸ್ವಾಮಿ?' ಎಂದ ಮಗ.

'ನಾನು ಇಡಲು ಹೇಳಿದ್ದು ಒಂದೇ ಕಲ್ಲು ಕಣಪ್ಪ. ನೀನು ಎರಡು ಇಟ್ಟಿದ್ದೀಯ. ಒಂದು ಹಲಗೆಯ ಮೇಲೆ, ಇನ್ನೊಂದು ಮಂಚದ ಮೇಲೆ' ಎಂದ ವೈದ್ಯ.

ಗುರುಬಸವ ನಕ್ಕುಬಿಟ್ಟ. ಆ ಮಗನಿಗೆ ಪ್ರೀತಿಯಿತ್ತೇ ಹೊರತು ಬುದ್ಧಿ ಸಾಲದು ಅನ್ನಿಸಿತು ಅವನಿಗೆ. ಆಮೇಲೆ ತನ್ನ ತಂದೆಯ ನೆನಪಾಗಿ ಕೇಳಿದ: "ಗಾಣಿಗ ಉಳಿದನೇ, ಗುರುಗಳೇ?"

ಪಂಡಿತರು ಮೆಂತ್ಯದಲ್ಲಿ ಸಿಕ್ಕ ಒಂದು ಹರಳನ್ನು ತೆಗೆದು ಪಕ್ಕಕ್ಕಿಟ್ಟರು. ಮೊದಲ ಬಾರಿಗೆ ಶಿಷ್ಯನ ಮುಖ ನೋಡಿದರು.

"ಅದಿರಲಿ, ನಿಮ್ಮಪ್ಪ ಬಾವಿಕಟ್ಟೆಗೆ ಬಂದು ಎಷ್ಟು ದಿನವಾಯಿತು?"