ಕೊಂಬಿನ ಕಿಂಡಿಯ ಕಾರು

ಮೂರು ಹಳ್ಳ ಕೂಡುವ ಕಡೆ ಒಂದು ಕಾಡು. ಆ ಕಾಡಿನಲ್ಲಿ ಕವಲಯ್ಯ ಎಂಬ ಗಂಡು ಕಡವೆ ಇದ್ದ. ಅವನ ಹತ್ತಿರ ಒಂದು ಭಾರಿ ಕಾರಿತ್ತು. ಎಂಥ ಕಾರು ಅಂತೀರಿ! ಬಂಡೆ ಹತ್ತಿಸಿದರೂ ಅಲುಗಾಡದು, ಒಳಗೆ ಕೂತರೆ ಮೆತ್ತನೆ ಹುಲ್ಲುಹಾಸು. ಒಂದೇ ತೊಂದರೆ, ಕವಲಯ್ಯನ ಕೊಂಬು ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಅವನು ಮೇಲಿನ ತಗಡು ಕೊರೆಸಿ ಎರಡು ದೊಡ್ಡ ಕಿಂಡಿ ಮಾಡಿಸಿದ್ದ. ಮಳೆನೀರು ಇಳಿಯದ ಹಾಗೆ ಸುತ್ತ ರಬ್ಬರ್ ಬಳೆ ಕೂರಿಸಿದ್ದ. ಕೊಂಬು ಹೊರಗೆ ಚಾಚಿಕೊಂಡು ಅವನು ಹೊರಟರೆ ಕಾಡೆಲ್ಲ ನಿಂತು ನೋಡುತ್ತಿತ್ತು.

ಇಂಥ ಕಾರನ್ನು ಮಾರುವ ಕಾಲ ಬಂತು. ಕಡವೆ ಮರಿಗಳು ಹೊಳೆ ಈಜಿ ಶಾಲೆಗೆ ಹೋಗುತ್ತಿದ್ದವು. ಆ ವರ್ಷ ಹೊಳೆಗೆ ಮೊಸಳೆ ಬಂದು ಸೇರಿಕೊಂಡಿತು. ಇನ್ನು ದೋಣಿ ಇಲ್ಲದೆ ಗತಿಯಿಲ್ಲ. ದೋಣಿ ಕಟ್ಟುವ ನೀರುನಾಯಿ ಮೇಸ್ತ್ರಿ ಅರವತ್ತು ಕೊಡ ಜೇನು ಕೇಳಿದ. ಕವಲಯ್ಯ ಒಂದು ದಿನ ಸುಮ್ಮನೆ ಕಾರನ್ನು ಒರೆಸಿದ. ಮಾರನೆಯ ದಿನ ಅದನ್ನು ನಾಜೂಕಪ್ಪನ ಅಂಗಳಕ್ಕೆ ಒಯ್ದ.

ನಾಜೂಕಪ್ಪ ಎಂಬುದು ಹಳೇ ಗಾಡಿ ಮಾರಿಸಿಕೊಡುವ ನರಿ. ಮಾರಿದ ಬೆಲೆಯಲ್ಲಿ ಹತ್ತನೇ ಒಂದು ಪಾಲು ಅವನಿಗೆ, ಉಳಿದದ್ದು ಗಾಡಿಯವರಿಗೆ. ಅವನು ಕಾರಿನ ಸುತ್ತ ಮೂರು ಸಲ ತಿರುಗಿ, ಕಿಂಡಿಯೊಳಗೆ ಬಾಲ ತೂರಿಸಿ ಲೊಚಗುಟ್ಟಿದ.

“ಕೊರೆಸಿ ಕೆಡಿಸಿಬಿಟ್ಟಿರಲ್ಲ, ಯಜಮಾನರೇ. ತೂತು ಕಾರನ್ನು ಯಾರು ಮೂಸಿ ನೋಡುತ್ತಾರೆ? ಇರಲಿ, ನಿಮ್ಮ ಮುಖ ನೋಡಿ ಇಟ್ಟುಕೊಳ್ಳುತ್ತೇನೆ.”

ತಿಂಗಳಾಯಿತು. ಅಷ್ಟರಲ್ಲಿ ಕವಲಯ್ಯನ ಕೊಂಬು ಉದುರಿತು. ಕಡವೆಗಳಿಗೆ ವರ್ಷಕ್ಕೊಮ್ಮೆ ಕೊಂಬು ಉದುರಿ ಹೊಸದು ಚಿಗುರುತ್ತದೆ. ಚಿಗುರುವ ತನಕ ಗಂಡು ಕಡವೆ ನಾಚಿಕೊಂಡು ಪೊದೆಯಲ್ಲೇ ಇರುವುದು ಅವರ ಕುಲದ ರೂಢಿ. ನಾಜೂಕಪ್ಪ ಕಾದದ್ದೇ ಅದಕ್ಕೆ. ಕಾಗೆಯ ಕೈಲಿ ಹೇಳಿ ಕಳಿಸಿದ: ಇಪ್ಪತ್ತು ಕೊಡದ ಮೇಲೆ ಒಂದು ಹನಿಯೂ ಏಳುತ್ತಿಲ್ಲ, ಒಪ್ಪಿಗೆಯ ಎಲೆಗೆ ಗೊರಸು ಒತ್ತಿ ಕಳಿಸಿ.

ಇಪ್ಪತ್ತು ಕೊಡಕ್ಕೆ ಅರ್ಧ ದೋಣಿಯೂ ಬರುವುದಿಲ್ಲ. ಕವಲಯ್ಯನಿಗೆ ಆ ರಾತ್ರಿ ಮೇವು ಸೇರಲಿಲ್ಲ. ಉದುರಿದ ಕೊಂಬನ್ನೂ ಮಾರಿದರೆ ನಾಲ್ಕು ಕೊಡ ಜಾಸ್ತಿ ಸಿಕ್ಕೀತು ಎಂದುಕೊಂಡ. ಬೆಳಗಾದ ಮೇಲೆ ಎರಡೂ ಕೊಂಬನ್ನು ಗೋಣಿಚೀಲಕ್ಕೆ ತುಂಬಿ, ನಾಚಿಕೆ ಬದಿಗಿಟ್ಟು ನಾಜೂಕಪ್ಪನ ಅಂಗಳಕ್ಕೆ ಹೊರಟೇಬಿಟ್ಟ.

ಅಲ್ಲಿ ಕಾಟಿ ದೊಡ್ಡಣ್ಣ ಎಂಬ ಕಾಡುಕೋಣ ಒಂದು ಗಾಡಿಯ ಚಕ್ರ ಒದ್ದು ನೋಡುತ್ತಿದ್ದ. ಎಲ್ಲೆಲ್ಲೂ ಹೊಸ ಬಣ್ಣದ ವಾಸನೆ, ನರಿಯ ಮೂಗಿಗೂ ಏನೂ ತಿಳಿಯದಷ್ಟು. ಕೊಂಬಿಲ್ಲದ ಕಡವೆಯನ್ನು ಕಂಡು ನಾಜೂಕಪ್ಪ ಹೆಣ್ಣು ಕಡವೆ ಎಂದೇ ತಿಳಿದ.

“ಬನ್ನಿ ಅಕ್ಕಾ, ಬನ್ನಿ. ನಿಮಗೆಂದೇ ಒಂದು ಗಾಡಿ ಇಟ್ಟಿದ್ದೇನೆ” ಎನ್ನುತ್ತಾ ಕವಲಯ್ಯನದೇ ಕಾರಿನ ಮುಂದೆ ಕರೆತಂದು ನಿಲ್ಲಿಸಿದ. ಕಾರು ಫಳಫಳ ಹೊಳೆಯುತ್ತಿತ್ತು. ಈ ಕಿಂಡಿಗಳಿವೆಯಲ್ಲ, ಇವೇ ಇದರ ಹೆಚ್ಚುಗಾರಿಕೆ ಎಂದು ನಾಜೂಕಪ್ಪ ಶುರುಮಾಡಿದ. ಇಂಥ ಕೆಲಸ ಏಳು ಕಾಡು ಸುತ್ತಿದರೂ ಸಿಗದು, ನಿಮ್ಮ ಮನೆಯವರ ಕೊಂಬಿಗೆ ಹೇಳಿ ಮಾಡಿಸಿದ ಹಾಗಿದೆ, ಬೆಲೆ ನೂರು ಕೊಡ ಎಂದ.

ನೂರು! ಕವಲಯ್ಯನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕಾರಿನ ಹಳೇ ಯಜಮಾನರು ಆಮೇಲೆ ತಕರಾರು ತೆಗೆದರೆ ಎಂದು ಕೇಳಿದ.

ನಾಜೂಕಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ಅವನೊಬ್ಬ ಪೆದ್ದ, ಅಕ್ಕಾ. ಇಪ್ಪತ್ತಕ್ಕೇ ಮುಗಿಸುತ್ತೇನೆ. ಯಾವುದೋ ಮರಿಗಳಿಗೆ ದೋಣಿಯಂತೆ. ಕೊಂಬು ಉದುರಿ ಪೊದೆ ಸೇರಿದ್ದಾನೆ, ಹೊರಗೆ ಬರುವಷ್ಟರಲ್ಲಿ ಕಾರು ಬೆಟ್ಟದಾಚೆ ಇರುತ್ತದೆ.”

ಕವಲಯ್ಯ ಬಾಗಿಲು ತೆಗೆದು ಒಳಗೆ ಕೂತ. ಗೋಣಿಚೀಲ ಬಿಚ್ಚಿ ಒಂದು ಕೊಂಬನ್ನು ಎಡಗಿಂಡಿಗೆ ತೂರಿಸಿದ. ಇನ್ನೊಂದನ್ನು ಬಲಗಿಂಡಿಗೆ ತೂರಿಸಿದ. ರಬ್ಬರ್ ಬಳೆ ಎರಡನ್ನೂ ಗಪ್ಪನೆ ಹಿಡಿದುಕೊಂಡಿತು. ಕಾಡೆಲ್ಲ ಬಲ್ಲ ಆ ಕವಲುಕೊಂಬು ಕಾರಿನ ಮೇಲೆ ಎದ್ದು ನಿಂತಿತು.

ನಾಜೂಕಪ್ಪನ ತೆರೆದ ಬಾಯಿ ತೆರೆದೇ ಇತ್ತು.

“ಪೆದ್ದನೇ ಬಂದಿದ್ದೇನೆ, ನಾಜೂಕಪ್ಪ” ಎಂದ ಕವಲಯ್ಯ. “ಬೀಗದ ಕೈ ಕೊಡು.”

ಕಾಟಿ ದೊಡ್ಡಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನಿಗೂ ಕೊಂಬಿನದೇ ಕಷ್ಟ. ನೂರು ಕೊಡ ತಾನೇ ಕೊಡುತ್ತೇನೆ ಎಂದ. ಕವಲಯ್ಯ ದೋಣಿಗೆ ಬೇಕಾದ ಅರವತ್ತು ಮಾತ್ರ ತೆಗೆದುಕೊಂಡ. ಸುದ್ದಿ ಹಬ್ಬಿ, ಸಂಜೆಯೊಳಗೆ ಎಲ್ಲರೂ ತಂತಮ್ಮ ಗಾಡಿ ವಾಪಸ್ ಒಯ್ದರು.

ಈಗ ಕಡವೆ ಮರಿಗಳು ದೋಣಿಯಲ್ಲಿ ಕೂತು ಶಾಲೆಗೆ ಹೋಗುತ್ತವೆ. ನಾಜೂಕಪ್ಪ ಖಾಲಿ ಅಂಗಳದಲ್ಲಿ ಕೂತಿರುತ್ತಾನೆ. ದಾರಿಯಲ್ಲಿ ಯಾವ ಕಡವೆ ಹೋದರೂ ಅಣ್ಣನೋ ಅಕ್ಕನೋ ತಿಳಿಯದೆ, ಎಲ್ಲರಿಗೂ ಎದ್ದು ನಿಂತು ಕೈ ಮುಗಿಯುತ್ತಾನೆ.

ನೀತಿ: ನಂಬಿ ಒಪ್ಪಿಸಿದವರ ಮುಂದೆ ಒಂದು ಬೆಲೆ, ಅವರ ಬೆನ್ನ ಹಿಂದೆ ಇನ್ನೊಂದು ಬೆಲೆ ಹೇಳುವವನು ಕೊನೆಗೆ ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.