ವೈರಸ್ ತಂದ ಚೀಟಿ

ಮೂಗಿನೊಳಗಿನ ಒಂದು ಜೀವಕೋಶಕ್ಕೆ, ಯಾರು ಚೀಟಿ ಕೊಟ್ಟರೂ ಅದರಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಮಾಡಿಕೊಡುತ್ತೇನೆಂಬ ಹೆಮ್ಮೆ. ಒಂದು ದಿನ ವೈರಸ್ಸೊಂದು ಬಾಗಿಲು ತಟ್ಟಿತು.

"ಅಕ್ಕಾ, ನನಗೆ ಕೈಯಿಲ್ಲ, ಹೊಟ್ಟೆಯಿಲ್ಲ, ಇರುವುದು ಈ ಚೀಟಿಯೊಂದೇ. ಇದರಲ್ಲಿರುವಂತೆ ನನ್ನಂಥವರನ್ನು ಮಾಡಿಕೊಡುತ್ತೀಯಾ? ನಿನ್ನಿಂದ ಆಗದಿದ್ದರೆ ಬಿಡು."

"ಆಗದಿದ್ದರೆ? ಯಾರ ಹತ್ತಿರ ಮಾತಾಡ್ತಿದ್ದೀಯ?" ಎಂದು ಜೀವಕೋಶ ಊಟ ಬಿಟ್ಟು ಕೆಲಸಕ್ಕೆ ಕೂತಿತು.

ಸಾವಿರ ವೈರಸ್ಸುಗಳಾದವು. ಜೀವಕೋಶದ ಪೊರೆ ಬಿರಿಯತೊಡಗಿತು.

"ಸಾಕು ಮಾಡೇ, ಸತ್ತುಹೋಗ್ತೀಯ!" ಎಂದು ಪಕ್ಕದ ಜೀವಕೋಶ ಕೂಗಿತು.

"ಸಾಯೋದು ಹಾಗಿರಲಿ, ಈ ಒಂದು ವೈರಸ್ಸಿನ ಮೈಮೇಲಿನ ಮುಳ್ಳು ಸೊಟ್ಟಗಾಗಿದೆ. ತಿದ್ದಬೇಕು!"

"ತಿದ್ದಬೇಡಕ್ಕಾ," ಎಂದಿತು ವೈರಸ್. "ರೋಗ ಬಾರದಂತೆ ಮೈ ಕಾಯುವವರು ಮುಳ್ಳು ನೋಡಿಯೇ ನಮ್ಮೆಲ್ಲರ ಗುರುತು ಹಿಡೀತಾರೆ. ತಪ್ಪಿಸಿಕೊಳ್ಳೋದು ಅದೊಂದೇ."

"ಆಗಲಿ, ಆದರೆ ಅದನ್ನು ಮಾಡಿದ್ದು ನಾನು ಅಂತ ಯಾರಿಗೂ ಹೇಳಬೇಡ!" ಎನ್ನುತ್ತಾ ಜೀವಕೋಶ ಒಡೆದುಹೋಯಿತು.